ಆಲು ಅಲ್ಲ, ಹಾಲು: ಬೋಡಗುಟ್ಟದ ಅಮ್ಮಾಜಮ್ಮನ ಬೆಳಗಿನ ಪಾಠ

ಇನ್ನೂ ಆರು ಗಂಟೆಯಾಗಿಲ್ಲ. ಬೋಡಗುಟ್ಟದ ಚಾವಡಿಯ ಜಗಲಿಯಲ್ಲಿ ಲಾಟೀನು ಉರಿಯುತ್ತಿದೆ. ಅಮ್ಮಾಜಮ್ಮ ಬಕೆಟ್ಟಿನ ಮರಳನ್ನು ನೆಲಕ್ಕೆ ಸುರಿದು ಅಂಗೈಯಲ್ಲಿ ಸಮ ಮಾಡುತ್ತಿದ್ದಾರೆ. ಕಂಬಳಿ ಹೊದ್ದ ಮಕ್ಕಳು ಒಬ್ಬೊಬ್ಬರೇ ಬಂದು ಕೂರುತ್ತಾರೆ. ಕೆಲವರು ಮೇಕೆಗಳನ್ನೂ ಹೊಡೆದುಕೊಂಡೇ ಬಂದಿದ್ದಾರೆ. ಅವನ್ನು ಹೊಂಗೆಮರಕ್ಕೆ ಕಟ್ಟಿ ಒಳಗೆ ಬರಬೇಕು ಎಂಬುದೊಂದೇ ಈ ಶಾಲೆಯ ಕಟ್ಟುನಿಟ್ಟು.

ಪ್ರತಿಯೊಬ್ಬರ ಅಂಗೈಗೂ ಒಂದು ಚಿಟಿಕೆ ರಾಗಿ ಹೊಟ್ಟು ಬೀಳುತ್ತದೆ. "ಬಾಯಿ ಹತ್ರ ಹಿಡ್ಕೊಂಡು ಆ ಅನ್ನಿ." ಇಪ್ಪತ್ತಮೂರು ಬಾಯಿ ತೆರೆಯುತ್ತವೆ. ಹೊಟ್ಟು ಕದಲುವುದಿಲ್ಲ. "ಈಗ ಹಾ ಅನ್ನಿ." ಹೊಟ್ಟು ಹಾರಿ ಮುಂದೆ ಕೂತವರ ತಲೆ ಸೇರುತ್ತದೆ. ನಗುವೋ ನಗು. "ಹಾರದೆ ಇದ್ದದ್ದು ನಮ್ಮ ಆ. ಅದನ್ನ ಮರಳಲ್ಲಿ ಬರೀರಿ" ಎನ್ನುತ್ತಾರೆ ಟೀಚರಮ್ಮ.

ಈ ಹೊಟ್ಟಿನ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಕ್ಯಾಸಂಬಳ್ಳಿಯಿಂದ ಎರಡು ಮೈಲಿ ಒಳಗಿರುವ ಈ ಊರಿಗೆ ಅದು ಬೇಕೇ ಬೇಕು. ಈ ಸೀಮೆಯವರ ಬಾಯಲ್ಲಿ ಪದದ ಮೊದಲಿನ ಹಕಾರ ನಿಲ್ಲುವುದಿಲ್ಲ. ಹೋಗು ಎಂಬುದು ಓಗು, ಹಸು ಎಂಬುದು ಅಸು. 'ಆ' ಅಕ್ಷರಕ್ಕೊಂದು ಪದ ಹೇಳಿ ಎಂದರೆ ಮಕ್ಕಳಿಗೆ ಮೊದಲು ಹೊಳೆಯುವುದು ಆಲು, ಅಂದರೆ ಹಾಲು. ಪುಸ್ತಕದ ಆನೆಯನ್ನು ಪಾಪ ಅವರೆಲ್ಲಿ ಕಂಡಿದ್ದಾರೆ!

ಅಮ್ಮಾಜಮ್ಮನಿಗೆ ಈಗ ಮೂವತ್ತನಾಲ್ಕು. ಹುಟ್ಟಿದ್ದು ಚಿನ್ನದ ಗಣಿಯ ಕೂಲಿ ಲೈನಿನ ಸಾಲುಮನೆಯಲ್ಲಿ. ಮನೆಯೊಳಗೆ ತೆಲುಗು, ಬೀದಿಯಲ್ಲಿ ತಮಿಳು, ರಾಬರ್ಟ್‌ಸನ್‌ಪೇಟೆಯ ಶಾಲೆಯಲ್ಲಿ ಕನ್ನಡ. ಮದುವೆಯಾಗಿ ಬೋಡಗುಟ್ಟಕ್ಕೆ ಬಂದ ಮೇಲೆ ನಾಲಗೆ ಇಲ್ಲಿನವರಂತೆಯೇ ತಿರುಗಿತು. ಗಂಡ ಶ್ರೀರಾಮಪ್ಪ ಗಣಿಯ ಕೆಲಸಕ್ಕೆ ಸೈಕಲ್ ತುಳಿಯುತ್ತಾರೆ. ಹೆಂಡತಿಯನ್ನು ಟೀಚರ್ ಟ್ರೈನಿಂಗಿಗೆ ಕಳಿಸಿದವರೂ ಅವರೇ.

"ಅಲ್ಲಿ ಉಕ್ತಲೇಖನ ಕೊಟ್ರು ಸಾರ್. ಅಸು ಮೇಯುತ್ತಿದೆ ಅಂತ ಬರ್ದೆ. ಅಸು ಅಂದ್ರೆ ಪ್ರಾಣವಂತೆ! ಪ್ರಾಣ ಎಲ್ಲಮ್ಮ ಮೇಯ್ತಾ ಐತೆ ಅಂತ ಮೇಷ್ಟ್ರು ಕೇಳಿದ್ರು. ಎಲ್ಲಾರೂ ನಕ್ಕರು. ನಂಗೆ ಅಳು ಬಂತು."

ಅಮ್ಮಾಜಮ್ಮ ನನ್ನೊಡನೆ ಹೀಗೆ ಮಾತಾಡುವುದು ಜಗಲಿಯ ಹೊರಗೆ. ಒಳಗೆ ಕಾಲಿಟ್ಟರೆ ಒಂದು ಹಕಾರವೂ ತಪ್ಪುವುದಿಲ್ಲ. ಆದರೆ ಮಕ್ಕಳನ್ನು ತಿದ್ದುವಾಗ ನಗಬಾರದೆಂಬುದು ಅವರು ಹಾಕಿಕೊಂಡ ನೇಮ. ಅ ಮತ್ತು ಆ ಎರಡಕ್ಕೇ ಎರಡು ವಾರ ಕೊಡುತ್ತಾರೆ. ಮುಂದಿನ ಸ್ವರಗಳಿಗೆ ತಲಾ ಮೂರು ದಿನ. ಸ್ಲೇಟು ಇರುವುದು ಒಂಬತ್ತೇ, ಉಳಿದವರಿಗೆ ಮರಳೇ ಸ್ಲೇಟು.

ಶಾಲೆ ಶುರುವಾಗುವ ವೇಳೆ ಹತ್ತೂವರೆ. ಅಮ್ಮಾಜಮ್ಮ ಒಂದನೇ ತರಗತಿಯನ್ನು ಆರಕ್ಕೇ ಶುರು ಮಾಡಿ ಎಂಟಕ್ಕೆ ಬಿಡುತ್ತಾರೆ. ಯಾಕೆಂದು ಮುನಿಶಾಮಮ್ಮನನ್ನು ಕೇಳಬೇಕು. ಆಕೆ ಕೂಲಿಯಾಳು, ಮಗಳು ಕದಿರಮ್ಮ ಈ ತರಗತಿಯಲ್ಲಿದ್ದಾಳೆ. "ಎಂಟಕ್ಕೆ ನಾನು ಕೂಲಿಗೆ ಓಗ್ತೀನಿ. ಮೇಕೆ ಇವಳೇ ಕಾಯ್ಬೇಕು. ಅತ್ತೂವರೆಗೆ ಸ್ಕೂಲು ಅಂದ್ರೆ ನಮ್ಮಂತೋರಿಗೆ ಸ್ಕೂಲೇ ಇಲ್ಲ ಅಂದಂಗೆ."

ಹೋದ ವರ್ಷ, ಅರವತ್ತೆರಡರ ಫೆಬ್ರವರಿಯಲ್ಲಿ, ಇನ್‌ಸ್ಪೆಕ್ಟರು ತಪಾಸಣೆಗೆ ಬಂದಿದ್ದರು. 'ಆ' ಅಕ್ಷರಕ್ಕೆ ಪದ ಕೇಳಿದರೆ ಏಳು ಮಕ್ಕಳು ಸಾಲಾಗಿ ಆಲು ಎಂದರು. ಸಾಹೇಬರು ತಪಾಸಣೆ ಪುಸ್ತಕದಲ್ಲಿ ಬರೆದರು: ಸ್ವರಜ್ಞಾನ ಸಾಲದು, ಇನ್ನೊಂದು ವರ್ಷದಲ್ಲಿ ಸುಧಾರಿಸದಿದ್ದರೆ ಬೆಳಗಿನ ತರಗತಿಯನ್ನು ನಿಲ್ಲಿಸತಕ್ಕದ್ದು. ಅಂದರೆ ಮಕ್ಕಳು ಗುಡ್ಡಕ್ಕೆ, ಪುಸ್ತಕ ಪೆಟ್ಟಿಗೆಗೆ. ಅಮ್ಮಾಜಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ರಾಗಿ ತೂರುತ್ತಿದ್ದಾಗ ಹೊಟ್ಟಿನ ಉಪಾಯ ಹೊಳೆಯಿತು.

ಗಡುವು ಮುಗಿದದ್ದು ಕಳೆದ ಮಂಗಳವಾರ. ಸಾಹೇಬರು ಚಳಿಗೆ ಮಫ್ಲರ್ ಸುತ್ತಿಕೊಂಡು ಆರಕ್ಕೇ ಬಂದರು, ಅದನ್ನು ಮೆಚ್ಚಬೇಕು. ನಾನೂ ಮೂಲೆಯಲ್ಲಿ ಕೂತಿದ್ದೆ. ಈ ಸಲ ಯಾರೂ ಆಲು ಎನ್ನಲಿಲ್ಲ. ಆಡು, ಆರು, ಆಕಾಶ ಎಲ್ಲ ಬಂದವು. ಇಬ್ಬರು ಮಾತ್ರ ಬಾಯಿ ಬಿಡದೆ ನೆಲ ನೋಡಿದರು. ಆಮೇಲೆ ಸಾಹೇಬರು ಒಂದು ಚಿತ್ರ ಎತ್ತಿ ಹಿಡಿದು ಕದಿರಮ್ಮನನ್ನು ಕೇಳಿದರು:

"ಇದು ಯೆಮ್ಮೆ. ಯಾವ ಸ್ವರದಿಂದ ಶುರುವಾಗುತ್ತೆ ಹೇಳು."

ಹುಡುಗಿ ಚಿತ್ರ ಬಿಟ್ಟು ಸಾಹೇಬರ ಬಾಯಿ ನೋಡಿದಳು. ಸಾಹೇಬರು ಮತ್ತೆ ಕೇಳಿದರು, ಮತ್ತೆ ಯೆಮ್ಮೆ ಎಂದರು.

"ನೀವು ಅಂದಿದ್ದಕ್ಕೆ ಸ್ವರ ಬರಲ್ಲ ಸಾರ್, ಯ ಬತ್ತದೆ" ಎಂದಳು ಕದಿರಮ್ಮ. "ನಮ್ಮ ಮನೆ ಎಮ್ಮೆಗೆ ಎ ಬತ್ತದೆ."

ಸಾಹೇಬರು ತಮ್ಮಷ್ಟಕ್ಕೆ ತಾವೇ "ಯೆಮ್ಮೆ... ಎಮ್ಮೆ" ಎಂದು ಎರಡು ಸಲ ಅಂದು ನೋಡಿದರು. ಆಮೇಲೆ ಜೋರಾಗಿ ನಕ್ಕು ಪೆನ್ನು ತೆಗೆದರು. "ಬೆಳಗಿನ ತರಗತಿ ಮುಂದುವರಿಯಬಹುದು, ಒಂದನೇ ತರಗತಿಗೆ ಮಾತ್ರ" ಎಂದು ಬರೆದು ರುಜು ಹಾಕಿದರು.

ಸಾಹೇಬರು ಹೋದ ಮೇಲೆ ಅಮ್ಮಾಜಮ್ಮ ಜಗಲಿಯಿಂದ ಇಳಿದು ಆ ಸಾಲನ್ನು ಮೂರು ಸಲ ಓದುತ್ತಾರೆ. ಖುಷಿಯಾಯಿತೇ ಎಂದರೆ ತಲೆ ಆಡಿಸುತ್ತಾರೆ, ಆದರೆ ಬೆರಳು "ಮಾತ್ರ" ಎಂಬ ಪದದ ಮೇಲೇ ಇದೆ. ಕದಿರಮ್ಮ ಬರುವ ಜೂನ್‌ಗೆ ಎರಡನೇ ತರಗತಿ. ಅದು ನಡೆಯುವುದು ಹತ್ತೂವರೆಗೆ.

"ಅವ್ಳಿಗೆ ಇನ್ನೂ ಒತ್ತಕ್ಷರ ಬರಲ್ಲ ಸಾರ್. ಅಷ್ಟಕ್ಕೇ ಬಿಟ್ಟುಬಿಡಾಕಾಗ್ತದಾ? ಜೂನಿಂದ ಎರಡನೇ ಕ್ಲಾಸೋರು ಐದಕ್ಕೆ ಬನ್ನಿ ಅಂತ ಏಳಿದ್ದೀನಿ. ಒಂದನೇ ಕ್ಲಾಸು ಆರಕ್ಕೆ ಇದ್ದೇ ಐತಲ್ಲ."

ಇಲಾಖೆಯ ಅಪ್ಪಣೆ ಇಲ್ಲದ ಕೆಲಸ. ಇದನ್ನು ಪತ್ರಿಕೆಗೆ ಬರೆಯಬಹುದೇ ಎಂದು ಕೇಳುತ್ತೇನೆ. ಅವರು ತಪಾಸಣೆ ಪುಸ್ತಕ ಮುಚ್ಚುತ್ತಾರೆ.

"ಬರೀರಿ. ಐದು ಗಂಟೆ ಅಂತ ಸರಿಯಾಗಿ ಬರೀರಿ ಸಾರ್. ಸಾಯೇಬ್ರು ನೋಡೋಕೆ ಬಂದ್ರೆ ತಡ ಆಗಬಾರದು."