ಮೂಗಿದ್ದೂ ಮೂಗ

ಮೊನ್ನೆ ಮೊನ್ನೆಯವರೆಗೂ ನನ್ನ ಪಾಲಿಗೆ ಲೋಕದಲ್ಲಿ ಇದ್ದದ್ದು ಎರಡೇ ವಾಸನೆ: ಒಳ್ಳೆಯದು, ಕೆಟ್ಟದ್ದು. ಚನ್ನರಾಯಪಟ್ಟಣದಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು ನಾನು. ಉತ್ತರ ಒಂದೋ ಸರಿ, ಇಲ್ಲವೋ ತಪ್ಪು. ಮೂಗಿಗೂ ಅದೇ ಪಾಠ ಹೇಳಿಕೊಟ್ಟಿದ್ದೆ. ನಿವೃತ್ತನಾಗಿ ಹೊಳೆನರಸೀಪುರಕ್ಕೆ ಬಂದ ಮೇಲೂ ಇದೊಂದು ಬಡತನವೆಂದು ನನಗೆ ತೋಚಿರಲಿಲ್ಲ. ತೋರಿಸಿಕೊಟ್ಟವಳು ನನ್ನ ಹೆಂಡತಿ ಜಯಮ್ಮ, ಅದೂ ಅವಳ ಮೂಗು ಕೈಕೊಟ್ಟ ಮೇಲೆ.

ಮಳೆಗಾಲದಲ್ಲಿ ಬಂದ ಜ್ವರ ಅವಳನ್ನು ಬಿಟ್ಟು ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. "ಬರಬಹುದು, ಬರದೆಯೂ ಇರಬಹುದು. ಲವಂಗ, ನಿಂಬೆಹಣ್ಣು, ಗುಲಾಬಿ, ಹೀಗೆ ಗುರುತಿರೋದನ್ನ ದಿನಾ ಮೂಸಿ, ನೆನಪು ಮಾಡ್ಕೊಳ್ಳಿ" ಎಂದರು ಹಾಸನದ ಡಾಕ್ಟರು. ಮೂಸಿದಳು. ಏನೂ ಇಲ್ಲ. ಅನ್ನ, ಸಾರು ಎಲ್ಲವೂ ಮಣ್ಣು ತಿಂದ ಹಾಗೆ. ರಾಮನಾಥಪುರದ ಹೊಗೆಸೊಪ್ಪು ಬೆಳೆಯುವ ಮನೆಯ ಮಗಳು ಅವಳು. ಬೀದಿಯಲ್ಲಿ ನಡೆಯುತ್ತಲೇ ಯಾರ ಮನೆಯಲ್ಲಿ ಬಸ್ಸಾರು, ಯಾರ ಮನೆಯಲ್ಲಿ ಹುಳಿ ಎಂದು ಹೇಳುತ್ತಿದ್ದವಳು ಈಗ ಒಲೆಯ ಮುಂದೆ ದಿಕ್ಕು ತಪ್ಪಿದವಳ ಹಾಗೆ ನಿಲ್ಲುತ್ತಿದ್ದಳು. ಹೀಗಾಗಿ ಅವಳಿಗೆ ಮೂಗಾಗುವ ಕೆಲಸ ನನ್ನ ತಲೆಗೆ ಬಂತು.

"ರೀ, ಒಗ್ಗರಣೆ ಎಂಗದೆ?"

"ಚೆನ್ನಾಗಿದೆ."

"ಚೆನ್ನಾಗದೆ ಅನ್ನದು ಒಂದು ವಾಸ್ನೇನಾ? ಯಾತರಂಗೆ ಚೆನ್ನಾಗದೆ, ಅದ ಏಳಿ."

ನಾನು ಬೆಪ್ಪನ ಹಾಗೆ ಮಾತು ಹುಡುಕುತ್ತಾ ನಿಂತೆ. ಅಷ್ಟರಲ್ಲಿ ಸಾಸಿವೆ ಕರಕಲಾಗಿ ಹೊಗೆ ಎದ್ದಿತು. "ಸೀದಿದ್ದೂ ಏಳ್ಬಾರ್ದಾ? ಮೂಗಿದ್ದೂ ಮೂಗ ಕಣ್ರೀ ನೀವು!" ಎಂದು ನಕ್ಕಳು. ನಕ್ಕವಳು ಗೋಡೆ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳ ಬಳಿ ಮಾತಿತ್ತು, ಮೂಗಿರಲಿಲ್ಲ. ನನ್ನ ಬಳಿ ಮೂಗಿತ್ತು, ಮಾತಿರಲಿಲ್ಲ.

ಹಾಸನದಲ್ಲಿರುವ ನನ್ನ ತಂಗಿಯ ಮಗಳು ಚೈತ್ರಾ ಮನೆಯಲ್ಲೇ ಸೆಂಟು ತಯಾರಿಸಿ ಮಾರುತ್ತಾಳೆ. ಅವಳ ಹತ್ತಿರ ಪಾಠಕ್ಕೆ ಹೋದೆ. ಅವರ ಕಸುಬಿನಲ್ಲಿ ಪರಿಮಳ ಬೆರೆಸುವ ಪಳಗಿದ ಆಸಾಮಿಯನ್ನು 'ಮೂಗು' ಎಂದೇ ಕರೆಯುತ್ತಾರಂತೆ. ಮಾತು ಬಾರದ ಮೂಗನಿಗೂ ಆ ಮೂಗಿಗೂ ಬರವಣಿಗೆಯಲ್ಲಿ ಒಂದೇ ಕೊಂಬಿನ ವ್ಯತ್ಯಾಸ ನೋಡಿ. ಈ ವಯಸ್ಸಿನಲ್ಲಿ ನಾನು ಆ ಒಂದು ಕೊಂಬು ಸಂಪಾದಿಸಲು ಹೊರಟಿದ್ದೆ.

ಅವಳು "ನೋಟ್" ಎಂದ ಕೂಡಲೇ ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದೆ. "ಬರ್ಕೊಳೋ ನೋಟ್ಸ್ ಅಲ್ಲ ಮಾವ, ಮೂಸೋದು" ಎಂದು ಕಾಗದದ ಪಟ್ಟಿಯೊಂದನ್ನು ಶೀಷೆಯಲ್ಲಿ ಅದ್ದಿ ಕೊಟ್ಟಳು. ಮೊದಲು ನಿಂಬೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನಿಂಬೆ ಮಾಯವಾಗಿ ಮಲ್ಲಿಗೆ. ಸಂಜೆ ಬಸ್ಸಿನಲ್ಲಿ ಜೇಬಿನಿಂದ ತೆಗೆದು ಮೂಸಿದರೆ ಮಲ್ಲಿಗೆಯೂ ಇಲ್ಲ, ಲಾವಂಚದ ಬೇರು ಮಾತ್ರ. ಪಕ್ಕದಲ್ಲಿದ್ದವರು ನನ್ನನ್ನು ಅನುಮಾನದಿಂದ ನೋಡಿ ಆಚೆ ಸರಿದು ಕೂತರು. ಮೊದಲು ಬಂದು ಮೊದಲೇ ಹೊರಡುವುದು ಟಾಪ್ ನೋಟು, ನಡುವೆ ಸಂಸಾರ ನಡೆಸುವುದು ಹಾರ್ಟ್ ನೋಟು, ಎಲ್ಲರೂ ಎದ್ದು ಹೋದ ಮೇಲೂ ಜಗಲಿ ಬಿಡದೆ ಕೂತಿರುವುದು ಬೇಸ್ ನೋಟು. ಹಲವು ಕೂಡಿ, ಇದು ಇಂಥದ್ದು ಎಂದು ಬಿಡಿಸಿ ಹೇಳಲಾಗದಂತೆ ಒಂದಾದರೆ ಅದು ಅಕಾರ್ಡ್.

ಈ ಪಾಂಡಿತ್ಯವನ್ನೆಲ್ಲ ಹೊತ್ತು ತಂದು ಅಡುಗೆಮನೆಯಲ್ಲಿ ಇಳಿಸಿದೆ. ಜಯಮ್ಮ ಪೂರ್ತಿ ಕೇಳಿ, "ಅಕಾರ್ಡು ಅಂದ್ರೆ ಉಳಿ ಅದವಾಗಿ ಕುದ್ದಿರದು ತಾನೆ? ಅದಕ್ಕ್ಯಾಕೆ ಆಸನಕ್ಕೆ ಓಗ್ಬೇಕಿತ್ತು?" ಎಂದಳು. ಹೌದಲ್ಲ! ಘಮ, ಕಂಪು, ಕಮಟು, ಮುಗ್ಗಲು, ಹಸಿವಾಸನೆ ಎಂದು ನಮ್ಮಲ್ಲೇನು ಕಡಿಮೆ ಇದೆಯೇ? ಅವರೆಕಾಯಿ ಬಿಡಿಸಿದ ಬೆರಳಿಗೆ ಅಂಟುವ ಸೊಗಡಿಗೆ ಸೆಂಟಿನವರು ಏನು ಹೆಸರಿಡುತ್ತಾರೋ ನೋಡಬೇಕು. ಹಿಂದಿನ ಜನ್ಮದಿಂದ ಅಂಟಿ ಬಂದ ಸಂಸ್ಕಾರವನ್ನೂ ನಮ್ಮ ಪಂಡಿತರು 'ವಾಸನೆ' ಎಂದೇ ಕರೆಯುತ್ತಾರೆ. ಒಡೆಯ ಹೋದರೂ ತಾನು ಹೋಗದೆ ಉಳಿದದ್ದು. ಬೇಸ್ ನೋಟಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ಹೊಳೆಯಲಿಲ್ಲ.

ಹೊಗೆಸೊಪ್ಪು ಹದ ಮಾಡುವ ಕಾಲ ಬಂದಾಗ ರಾಮನಾಥಪುರಕ್ಕೆ, ಅವಳ ಅಣ್ಣನ ಮನೆಗೆ ಹೋದೆವು. ಹುಟ್ಟಿದ ಮನೆಯ ವಾಸನೆಯಾದರೂ ಮೂಗನ್ನು ತಟ್ಟಿ ಎಬ್ಬಿಸೀತು ಎಂದು ಇಬ್ಬರಿಗೂ ಆಸೆ. ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ ಅಷ್ಟೆ. ಎಲೆಗಳನ್ನು ಸಾಲಾಗಿ ತೂಗುಹಾಕಿ ಶಾಖ ಕೊಡುವ ಎತ್ತರದ ಕೋಣೆಗೆ ಅಲ್ಲಿ ಬ್ಯಾರನ್ ಎನ್ನುತ್ತಾರೆ. ಅಣ್ಣ ಅದರ ಬಾಗಿಲು ತೆಗೆದರು. ಜಯಮ್ಮ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

"ಬಿಸಿ ಗೊತ್ತಾಯ್ತದೆ," ಎಂದಳು. "ಅಷ್ಟೇಯ."

ಅವಳ ಮುಖ ನೋಡಲಾಗಲಿಲ್ಲ. ಏನು ಮಾಡಲೂ ತೋಚದೆ ನಾನೇ ಮೂಸಿ ಹೇಳತೊಡಗಿದೆ. "ಮೊದಲು ಹಸಿ ಸೊಪ್ಪು ಕಿವುಚಿದ ಹಾಗೆ ಒಂದು ಘಾಟು. ಅದು ಹೋಗ್ತಾ ಇದೆ. ಈಗ ಹುಲ್ಲು, ಬಿಸಿಲಿಗೆ ಕಾದ ಹುಲ್ಲಿನ ಮೆದೆ. ಅದರೊಳಗೆ ಬೆಲ್ಲ... ತಾಳು, ಬೆಲ್ಲ ಅಲ್ಲ, ಜೇನು, ಹಳೇ ಜೇನು. ಎಲ್ಲದರ ಅಡಿಯಲ್ಲಿ ಸೌದೆ ಹೊಗೆ. ನಿಮ್ಮಪ್ಪನ ಕಂಬಳೀಲಿ ಇರ್ತಿತ್ತಲ್ಲ, ಅದು."

ಜಯಮ್ಮ ನನ್ನ ತೋಳು ಹಿಡಿದುಕೊಂಡಳು. "ಊ ಕಣ್ರೀ, ಕಂಬ್ಳಿ! ಅದೇಯ, ಅದೇಯ!"

"ವಾಸನೆ ಬಂತಾ?"

"ವಾಸ್ನೆ ಬರ್ನಿಲ್ಲ. ಅಪ್ಪ ಬಂದಂಗಾಯ್ತು."

ಜನ್ಮದಲ್ಲಿ ಯಾರೂ ನನ್ನ ಮಾತಿಗೆ ಇಷ್ಟು ದೊಡ್ಡ ಮಾರ್ಕು ಕೊಟ್ಟಿರಲಿಲ್ಲ.

ಮುಂದಿನ ವಾರ ಮತ್ತೆ ಡಾಕ್ಟರ ಹತ್ತಿರ ಹೋದೆವು. "ಏನಮ್ಮ, ವಾಸನೆ ಏನಾದ್ರೂ ಗೊತ್ತಾಗ್ತಿದೆಯಾ?" ಎಂದು ಕೇಳಿದರು.

"ನಂಗಿನ್ನೂ ಇಲ್ಲ ಸಾ," ಎಂದಳು ಜಯಮ್ಮ. ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ಇವ್ರಿಗೆ ಮಾತ್ರ ಈಗೀಗ ಗೊತ್ತಾಯ್ತಾ ಅದೆ."