ಪಾಪ್‌ಕಾರ್ನ್ ತರುವಷ್ಟರಲ್ಲಿ ಮುಗಿದ ಸಿನಿಮಾ

ನನ್ನ ಗಂಡನ ಪ್ರಕಾರ ಸಿನಿಮಾ ಅಂದಮೇಲೆ ಹತ್ತು ಕಾರಾದರೂ ಗಾಳಿಗೆ ಹಾರಬೇಕು. ಈ ಪರದೇಶದಲ್ಲಿ, ನಾವಿರುವ ಹಿಲ್ಸ್‌ಬರೋದಿಂದ ನ್ಯೂ ಲಿನ್ ಥಿಯೇಟರಿನವರೆಗೆ ಹೋಗಿ ಒಂದು ಕಾರೂ ಹಾರದ ಕನ್ನಡ ಚಿತ್ರ ನೋಡೋಣ ಎಂದಾಗ ಅವರ ಮುಖ ನೋಡಬೇಕಿತ್ತು!

"ಅವಾರ್ಡ್ ಪಿಚ್ಚರ್ರಾ? ಬೇಡ ಕಣೇ, ನಿದ್ದೆ ಬರುತ್ತೆ."

"ನಿದ್ದೆ ಬಂದ್ರೆ ಈ ಜನ್ಮದಲ್ಲಿ ಇನ್ನು ನಾನು ಸಿನಿಮಾ ಆರಿಸಲ್ಲ, ಸರಿನಾ?" ಎಂದು ರೋಷದಲ್ಲಿ ಹೇಳಿಬಿಟ್ಟೆ. ಆಮೇಲೆ ಪೇಚಾಡಿದೆ. ಹೀರೋಗಳ ಹೊಡೆದಾಟ ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಸೋತರೆ ಜೀವನಪೂರ್ತಿ ಅದೇ ಗತಿ.

ಚಿತ್ರದಲ್ಲಿ ಇದ್ದದ್ದು ಇಷ್ಟೇ. ಮದುವೆಯಾಗಿ ಮೂವತ್ತು ವರ್ಷವಾದ ಹೆಂಗಸೊಬ್ಬಳು ಬ್ಯಾಗು ತುಂಬಿಕೊಂಡು ನಡುಮನೆಯಲ್ಲಿ ಕೂತಿದ್ದಾಳೆ. ಎಲ್ಲಿಗೆ ಹೊರಟೆ ಎಂದು ಗಂಡ ಕೇಳುವುದಿಲ್ಲ. ಪೇಪರು ಓದುತ್ತಾನೆ, ಫ್ಯಾನು ಒರೆಸುತ್ತಾನೆ, ನೀರಿನ ಮೋಟರು ಆಫ್ ಮಾಡುತ್ತಾನೆ. ಆ ನಟಿ ತುಟಿ ಬಿಚ್ಚದೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು ನೋಡಿ! ಎಂಥ ನಟನೆ! ಪಕ್ಕಕ್ಕೆ ತಿರುಗಿ ನೋಡಲು ಮಾತ್ರ ಧೈರ್ಯ ಬರಲಿಲ್ಲ. ಗೊರಕೆಯಂತೂ ಕೇಳಿಸಲಿಲ್ಲ.

ಕೊನೆಗೆ ಗಂಡ ಎರಡು ಲೋಟ ಕಾಫಿ ತಂದಿಟ್ಟ. ಅವಳು ಎದ್ದು ನಿಂತಳು. ಪರದೆ ಕಪ್ಪಾಯಿತು, ದೀಪ ಹತ್ತಿತು.

ಹೆಸರುಗಳು ಬರುವ ಮೊದಲೇ ನಮ್ಮವರು ಚಂಗನೆ ಎದ್ದರು. "ಇಂಟರ್‌ವಲ್! ಪಾಪ್‌ಕಾರ್ನ್ ತರ್ತೀನಿ, ಇರು." ಒಂದೂವರೆ ಗಂಟೆಗೆಲ್ಲ ಸಿನಿಮಾ ಮುಗಿಯುವುದುಂಟೆ ನಮ್ಮ ಜನಕ್ಕೆ? ಅರ್ಧ ಹಾಲ್ ಅವರ ಹಿಂದೆಯೇ ಹೊರಟಿತು.

ಪಾಪ್‌ಕಾರ್ನ್ ಹಿಡಿದು ವಾಪಸಾದವರಿಗೆ, ಕಸ ಗುಡಿಸಲು ಬಂದ ಈ ದೇಶದ ಹುಡುಗಿ ಸಿನಿಮಾ ಮುಗಿಯಿತೆಂದು ನಗುತ್ತ ಹೇಳಿದಳು.

"ಮುಗೀತಾ? ಅದು ಹೇಗೆ ಮುಗಿಯುತ್ತೆ? ಅವಳು ಹೋದ್ಲಾ, ಇದ್ಲಾ?" ನಾನೇ ಡೈರೆಕ್ಟರ್ ಎಂಬಂತೆ ನನ್ನ ಮೇಲೆ ರೇಗಿದರು. "ಅಷ್ಟೊತ್ತು ಕೂತಿದ್ದಾಳೆ ಪಾಪ! ಎಲ್ಲಿಗೆ ಅಂತ ಒಂದ್ಮಾತು ಕೇಳಕ್ಕೇನು ದಾಡಿ ಅವನಿಗೆ?"

ಗೆದ್ದೆ! ಒಳಗೊಳಗೇ ಕುಣಿದೆ.

ಕಾರಿನಲ್ಲಿ ಕೂತವರು ಸ್ಟಾರ್ಟ್ ಮಾಡಲಿಲ್ಲ. ಮೆಲ್ಲಗೆ ಕೇಳಿದರು: "ಅವಳ ಜಾಗದಲ್ಲಿ ನೀನಾಗಿದ್ರೆ ಏನ್ ಮಾಡ್ತಿದ್ದೆ?"

ಮದುವೆಯಾದಾಗಿನಿಂದ ಇಂಥದ್ದೊಂದು ಪ್ರಶ್ನೆಯನ್ನು ನನಗೆ ಕೇಳಿದವರೇ ಅಲ್ಲ. ತಮಾಷೆ ಮಾಡೋಣವೆಂದು ಬಾಯಿ ತೆರೆದರೆ ಕಣ್ಣಲ್ಲಿ ನೀರು ಬಂತು.

"ಈಗ ತಾನೇ ಕೇಳಿದ್ರಲ್ಲ. ಯೋಚ್ನೆ ಮಾಡಿ ಹೇಳ್ತೀನಿ," ಎಂದೆ.

ಪಾಪ, ಮನೆ ಮುಟ್ಟುವವರೆಗೂ ತಿರುತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದರು. ರಸ್ತೆ ನೋಡ್ರೀ ಎಂದು ನಾನೇ ಹೇಳಬೇಕಾಯಿತು.