ಡಿಸ್ಕ್‌ನಲ್ಲಿ ಹಿಡಿಸದ ಪದ

ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ನಿಮಗೂ ಗೊತ್ತಿರುತ್ತದೆ. ಮೊನ್ನೆ ಭಾನುವಾರ ನನ್ನ ಮಗಳು ಹಾಲ್‌ನಲ್ಲಿ ಕೂತು ತನ್ನ ಮದುವೆ ಸಾಮಾನಿನ ಪೆಟ್ಟಿಗೆಗಳ ಮೇಲೆ ‘ತಾಂಬೂಲದ ಚೀಲ’, ‘ಅರಿಶಿನ ಶಾಸ್ತ್ರ’ ಎಂದೆಲ್ಲ ಬರೆಯುತ್ತಿದ್ದಳು. ಹೆಬ್ಬಗೋಡಿಯ ನಮ್ಮ ಮನೆ ತುಂಬ ಆ ವಾಸನೆ. ಬೇರೆಯವರಿಗೆ ಅದು ಆಫೀಸಿನ ವಾಸನೆಯಿರಬಹುದು. ನನಗೆ ಮಾತ್ರ ಅದು ಡಿಸ್ಕ್‌ನ ವಾಸನೆ, ಅದರ ಬೆನ್ನಿಗೇ ಬರುವುದು ನನ್ನ ಸೋದರತ್ತೆಯ ನೆನಪು.

“ಅಪ್ಪಾ, ಅರಿಶಿನದ ದಿನ ಸೋಬಾನೆ ಹೇಳೋಕೆ ಯಾರೂ ಸಿಗ್ತಿಲ್ಲ. ನನ್ ಕಿವಿ ಚುಚ್ಚಿದಾಗ ಆನೇಕಲ್ ಅಜ್ಜಿ ಹಾಡಿದ್ರಂತಲ್ಲ, ಆ ವಿಡಿಯೋ ಇದ್ಯಾ? ನೋಡ್ಕೊಂಡು ನಾನೇ ಕಲೀತೀನಿ,” ಅಂದಳು ಮಗಳು.

ಇದೆ ಎನ್ನುವ ಹಾಗಿರಲಿಲ್ಲ, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹುಡುಕ್ತೀನಿ ಎಂದು ಎದ್ದು ಹೋದೆ.

ನಾನು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವ ಕೆಲಸದಲ್ಲಿದ್ದವನು. ಗೇಜ್‌ನಲ್ಲಿ ಕೂತರೆ ಪಾಸ್, ಕೂರದಿದ್ದರೆ ಪಕ್ಕದ ಕೆಂಪು ಡಬ್ಬಿಗೆ. ಅದರಲ್ಲಿ ದಯೆ ದಾಕ್ಷಿಣ್ಯದ ಪ್ರಶ್ನೆಯೇ ಇಲ್ಲ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ ಕೈ ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಫ್ರಿಜ್ಜಿನಲ್ಲಿ ಹಿಡಿಸದ ಪಾತ್ರೆಯನ್ನು ನಾನು ಬೈಯುವ ರೀತಿ ಕಂಡು ನನ್ನ ಹೆಂಡತಿ, “ಅದೇನು ನಿಮ್ ಕೈಕೆಳಗಿನ ನೌಕರನೇನ್ರೀ?” ಎನ್ನುತ್ತಿದ್ದಳು.

ಈ ಮನೆ ಕಟ್ಟಿದ ವರ್ಷ ಒಂದು ಹ್ಯಾಂಡಿಕ್ಯಾಮ್ ಕೊಂಡೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನು ಹಾಲುಕ್ಕುವುದನ್ನು ಮೂರು ದಿಕ್ಕಿನಿಂದ ಹಿಡಿದೆ. ಒಂದೇ ಚಪ್ಪರದಲ್ಲಿ ಗೃಹಪ್ರವೇಶ, ಮಗಳ ಕಿವಿ ಚುಚ್ಚುವ ಶಾಸ್ತ್ರ ಎರಡೂ ಇದ್ದವು. ಆರತಿಯ ಹೊತ್ತಿಗೆ ಆನೇಕಲ್ಲಿನ ಹತ್ತಿರದ ಹಳ್ಳಿಯಿಂದ ಬಂದಿದ್ದ ಅತ್ತೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣು ಮುಚ್ಚಿ ಪದ ಎತ್ತಿದರು. ಇಪ್ಪತ್ತೆರಡು ನಿಮಿಷ. ಮೊದಮೊದಲು ಜೊತೆಗೂಡಿಸುತ್ತಿದ್ದ ಹೆಂಗಸರು ಪದ ಮರೆತು ಒಬ್ಬೊಬ್ಬರಾಗಿ ನಿಂತರು, ಅತ್ತೆ ನಿಲ್ಲಲಿಲ್ಲ.

ಆಮೇಲೆ ಶುರುವಾಯಿತು ಅದನ್ನು ಡಿವಿಡಿ ಡಿಸ್ಕ್‌ಗೆ ಇಳಿಸುವ ಸಾಹಸ. ಕಂಪ್ಯೂಟರಿನ ಪರದೆಯ ಕೆಳಗೆ ಒಂದು ಪಟ್ಟಿ ಇರುತ್ತಿತ್ತು. ಡಿಸ್ಕ್‌ನಲ್ಲಿ ಜಾಗ ಇರುವ ತನಕ ಹಸಿರು, ಮೀರಿದರೆ ಕೆಂಪು. ನನ್ನ ಹತ್ತಿರ ಇದ್ದದ್ದು ಎರಡೂವರೆ ಗಂಟೆಯ ಚಿತ್ರ, ಡಿಸ್ಕ್ ಚೆನ್ನಾಗಿ ಹಿಡಿಸಿಕೊಳ್ಳುವುದು ಎರಡು ಗಂಟೆ. ಗುಣಮಟ್ಟ ಇಳಿಸಿದರೆ ಹಿಡಿಸುತ್ತದೆ, ಆದರೆ ಮುಖಗಳೆಲ್ಲ ಚೌಕ ಚೌಕವಾಗಿ ಒಡೆಯುತ್ತವೆ. ಎರಡು ಡಿಸ್ಕ್ ಮಾಡಬಹುದಿತ್ತು. ನನಗೆ ಅದು ಸೋಲು ಅನ್ನಿಸಿತು. ಒಂದು ಮನೆ, ಒಂದು ಡಿಸ್ಕ್ ಎಂದು ಹಟ ಹಿಡಿದೆ.

ಹಾಗಾದರೆ ಕತ್ತರಿಸಬೇಕು, ಏನನ್ನು? ನಮ್ಮ ಮ್ಯಾನೇಜರ್ ಸಾಹೇಬರು ಬಂದು, ಕೂತು, ಜಿಲೇಬಿ ಬೇಡವೆಂದು, ಆಮೇಲೆ ಎರಡು ತಿಂದು ಹೋದದ್ದು ಹನ್ನೊಂದು ನಿಮಿಷವಿತ್ತು. ಅವರಿಗೂ ಒಂದು ಪ್ರತಿ ಕೊಡಬೇಕಲ್ಲ, ಅದನ್ನು ಮುಟ್ಟಲಿಲ್ಲ. ಪಂಕ್ತಿ ಊಟದಲ್ಲಿ ಸ್ವಲ್ಪ ತೆಗೆದೆ, ಹೋಮದ ಹೊಗೆ ತೆಗೆದೆ, ಪಟ್ಟಿ ಇನ್ನೂ ಕೆಂಪಗೇ ಇತ್ತು. ಕೊನೆಗೆ ಅತ್ತೆಯ ಪದಕ್ಕೆ ಬಂದೆ. ಇಪ್ಪತ್ತೆರಡು ನಿಮಿಷ ಒಂದೇ ಕಡೆ ಕೂತ ಒಬ್ಬ ಹೆಂಗಸು. ಹೇಗಿದ್ದರೂ ಆಗಿನ ಪದ್ಧತಿಯಂತೆ ಮೂಲ ದನಿಯನ್ನೆಲ್ಲ ಅಳಿಸಿ ಸಿನಿಮಾ ಹಾಡು ತುಂಬುತ್ತಿದ್ದೆ, ದನಿಯಿಲ್ಲದ ಅತ್ತೆಯನ್ನು ಯಾರು ನೋಡುತ್ತಾರೆ? ಒಂದು ಗುಂಡಿ ಒತ್ತಿದೆ. ಪಟ್ಟಿ ಹಸಿರಾಯಿತು. ಅಂದು ನನಗಾದ ಸಂತೋಷ ನೆನೆದರೆ ಈಗ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಪದವಿದ್ದ ಹ್ಯಾಂಡಿಕ್ಯಾಮ್ ಕ್ಯಾಸೆಟ್ ಸುಮ್ಮನೆ ಬಿದ್ದಿರುವುದೇಕೆ ಎಂದು ಅದರ ಮೇಲೆಯೇ ಕಾರ್ಖಾನೆಯ ಆಯುಧಪೂಜೆಯನ್ನು ತುಂಬಿದೆ. ಕಂಪ್ಯೂಟರಿನಲ್ಲಿದ್ದುದನ್ನೂ ಜಾಗ ಸಾಲದೆಂದು ಅಳಿಸಿದೆ.

ಅತ್ತೆಗೆ ಡಿಸ್ಕನ್ನೂ ಅದನ್ನು ಟಿವಿಯಲ್ಲಿ ತೋರಿಸುವ ಪ್ಲೇಯರನ್ನೂ ನಾನೇ ಒಯ್ದು ಕೊಟ್ಟೆ. ಬೀದಿಯವರನ್ನೆಲ್ಲ ಕರೆದು ಕೂರಿಸಿಕೊಂಡು ಪೂರ್ತಿ ಎರಡು ಗಂಟೆ ನೋಡಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿ, “ಎಲ್ಲಾ ಚೆಂದಾಗೈತೆ ಮಗಾ. ನನ್ ಪದ ಎಲ್ಲೋಯ್ತಪ್ಪಾ?” ಎಂದರು.

“ಡಿಸ್ಕ್‌ನಲ್ಲಿ ಜಾಗ ಸಾಲ್ಲಿಲ್ಲ ಅತ್ತೆ. ನಿಮ್ ಪದಕ್ಕೇ ಅಂತ ಇನ್ನೊಂದು ಡಿಸ್ಕ್ ಮಾಡ್ತಿದೀನಿ.”

“ಅಂಗಾ! ನಂಗೇ ಒಂದಾ?” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಮನೆಗೆ ಬಂದವನೇ ಹೊಸ ಡಿಸ್ಕ್ ತೆಗೆದು ಮಾರ್ಕರ್‌ನಲ್ಲಿ ‘ಅತ್ತೆಯ ಪದ’ ಎಂದು ದುಂಡಗೆ ಬರೆದೆ. ಕ್ಯಾಸೆಟ್ ಹಾಕಿ ನೋಡಿದರೆ ಲೇಥ್ ಯಂತ್ರಕ್ಕೆ ಕುಂಬಳಕಾಯಿ ಒಡೆಯುತ್ತಿದ್ದಾರೆ. ಅಷ್ಟು ಹೊತ್ತಿನವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಇನ್ನೊಮ್ಮೆ ಹಾಡಿಸಿ ಹಿಡಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಿಡಿಯಬಹುದಿತ್ತು. ಅದಕ್ಕೆ ಮೊದಲು ಅಳಿಸಿಬಿಟ್ಟೆ ಅತ್ತೆ ಎಂದು ಒಪ್ಪಿಕೊಳ್ಳಬೇಕಿತ್ತು. ಮುಂದಿನ ಸಲ ಹೇಳೋಣ ಎಂದುಕೊಂಡು ಪ್ರತಿ ಸಲವೂ ಹೇಳದೆ ಬಂದೆ. ನನ್ನ ಸುಳ್ಳು ಆನೇಕಲ್ ಬಸ್ಸಿನಲ್ಲಿ ಆರು ವರ್ಷ ಓಡಾಡಿತು. ಅತ್ತೆ ಎರಡನೆಯ ಸಲ ಕೇಳಲೂ ಇಲ್ಲ.

ನಾನು ಹೋದಾಗಲೆಲ್ಲ ಅವರು ಆ ಗೃಹಪ್ರವೇಶದ ಡಿಸ್ಕ್ ಹಾಕಿಕೊಂಡು ಟಿವಿಯ ಹತ್ತಿರ ಕೂತಿರುತ್ತಿದ್ದರು. ಚಿತ್ರ ಮಾತ್ರ ಶುರುವಾಗಿರುತ್ತಿರಲಿಲ್ಲ. ಡಿಸ್ಕ್ ಹಾಕಿದೊಡನೆ ಬರುವ ಮೊದಲ ಪರದೆಯಲ್ಲೇ ನಿಂತಿರುತ್ತಿತ್ತು. ಏನೋ ಒಂದು ತುಣುಕು ತಿರುಗಿ ತಿರುಗಿ ಬರುತ್ತಿರುತ್ತಿತ್ತು, ನಾನು ಅದಕ್ಕೆ ಗಮನ ಕೊಟ್ಟವನೇ ಅಲ್ಲ. ಪಾಪ, ಮುದುಕಿಗೆ ರಿಮೋಟ್ ತಿಳಿಯದು ಎಂದು ನಾನು ಮರುಕಪಡುತ್ತಿದ್ದೆ. “ಪ್ಲೇ ಒತ್ಬೇಕು ಅತ್ತೆ, ಎಷ್ಟು ಸಲ ಹೇಳ್ಕೊಟ್ಟಿದೀನಿ!” ಎಂದು ನಾನೇ ಒತ್ತುತ್ತಿದ್ದೆ. “ಆಗ್ಲಿ ಬುಡು ಮಗಾ,” ಎಂದು ಅವರು ಎದ್ದು ಕಾಫಿಗೆ ಇಡಲು ಹೋಗುತ್ತಿದ್ದರು. ಮ್ಯಾನೇಜರ್ ಸಾಹೇಬರು ಜಿಲೇಬಿ ತಿನ್ನುವುದನ್ನು ನಾನೊಬ್ಬನೇ ನೋಡುತ್ತಿದ್ದೆ.

ಅತ್ತೆ ಹೋಗಿಯೂ ಈಗ ಬಹಳ ವರ್ಷವಾಯಿತು.

ಅಟ್ಟದ ಮೇಲಿನ ಡಬ್ಬಿಯಲ್ಲಿ ಗೃಹಪ್ರವೇಶದ ನಮ್ಮ ಪ್ರತಿಯೂ ಆ ಖಾಲಿ ಡಿಸ್ಕೂ ಸಿಕ್ಕವು. ‘ಅತ್ತೆಯ ಪದ’ದ ಬೆನ್ನು ಇನ್ನೂ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ಮಗಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅತ್ತೆಗೆ ಹೇಳಬೇಕಾದ್ದನ್ನು ಮೊಮ್ಮಗಳಿಗೆ ಹೇಳಿದ ಹಾಗಾಯಿತು. ಅವಳು ಬೈಯಲಿಲ್ಲ. “ಇನ್ನೊಂದನ್ನಾದ್ರೂ ಹಾಕಿ ನೋಡೋಣ, ಅಜ್ಜಿ ಮುಖ ಎಲ್ಲಾದ್ರೂ ಇರತ್ತೆ,” ಎಂದು ಡಿಸ್ಕ್ ಓದುವ ಪೆಟ್ಟಿಗೆಯನ್ನು ಗೆಳತಿಯ ಮನೆಯಿಂದ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು.

ಮೊದಲ ಪರದೆ ಬಂತು. ಪ್ಲೇ ಎಂಬ ಗುಂಡಿಯ ಹಿಂದೆ ಕೆಂಪು ಸೀರೆಯ ಅತ್ತೆ, ತೊಡೆಯ ಮೇಲೆ ಮೂರು ವರ್ಷದ ನನ್ನ ಮಗಳು. ಅತ್ತೆ ಹಾಡುತ್ತಿದ್ದರು. ಪದದ ಮೊದಲ ಸಾಲು, ಎರಡನೆಯದರಲ್ಲಿ ಅರ್ಧ, ಅಷ್ಟಕ್ಕೆ ಕತ್ತರಿಸಿ ಮತ್ತೆ ಮೊದಲಿನಿಂದ. ಇಪ್ಪತ್ತು ಸೆಕೆಂಡು. ಸೀರೆಯ ಬಣ್ಣ ಚೆನ್ನಾಗಿದೆಯೆಂದು ಕತ್ತರಿ ಹಿಡಿಯುವ ಮೊದಲೇ ಆ ತುಣುಕನ್ನು ಅಲ್ಲಿಟ್ಟವನು ನಾನೇ. ಅದಕ್ಕೆ ಸಿನಿಮಾ ಹಾಡು ತುಂಬುವುದನ್ನು ಮರೆತಿದ್ದೆ.

ಅತ್ತೆಗೆ ರಿಮೋಟ್ ತಿಳಿಯುತ್ತಿತ್ತು. ಡಿಸ್ಕ್ ಹಾಕಲು ಬರುವವರಿಗೆ ಒಂದು ಗುಂಡಿ ಒತ್ತಲು ಬರುವುದಿಲ್ಲವೇ? ಅವರು ತಮ್ಮ ಪದ ಕೇಳುತ್ತಾ ಕೂತಿರುತ್ತಿದ್ದರು. ಹೋದ ಪ್ರತಿ ಸಲವೂ ನಾನು ಅದನ್ನು ನಿಲ್ಲಿಸಿ ಬಂದೆ.

ಮಗಳ ಬೆರಳು ಗುಂಡಿಯ ಕಡೆ ಹೋಯಿತು. “ಒತ್ಬೇಡ ಕಣಮ್ಮ,” ಎಂದೆ.

ಅವಳು ಕೈ ಹಿಂದಕ್ಕೆ ತೆಗೆದು ನನ್ನ ಪಕ್ಕ ಕೂತಳು. ಹತ್ತನೆಯದೋ ಹನ್ನೆರಡನೆಯದೋ ಸುತ್ತಿಗೆ ಮೆಲ್ಲಗೆ ಅತ್ತೆಯ ಜೊತೆ ದನಿಗೂಡಿಸಿದಳು. ಎರಡನೆಯ ಸಾಲಿನ ಅರ್ಧಕ್ಕೆ ಅತ್ತೆ ನಿಂತಾಗ ಅವಳೂ ನಿಂತಳು.